ಕೋಟೆ ಕಾವಲಿನ ಕೊನೆಯ ಬಾಗಿಲು

ತೊರಿದೆ ಎಂಬ ಕೈಯಾಟದ ಯಂತ್ರದ ಹೆಸರು ಕೇಳಿದವರು ಆ ವರ್ಷದ ತನಕ ಇಡೀ ಕರ್ನಾಟಕದಲ್ಲಿ ಒಂದು ಟೆಂಪೋ ತುಂಬುವಷ್ಟು ಮಂದಿಯೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಜಪಾನಿನ ಯಾವುದೋ ಚಿಕ್ಕ ಕಂಪನಿ ಅದನ್ನು ಮಾರುಕಟ್ಟೆಗೆ ತಂದು, ಕೆಲವೇ ತಿಂಗಳಲ್ಲಿ ಕಾರಣ ಹೇಳದೆ ಹಿಂದಕ್ಕೆ ಪಡೆದು, ಬಾಗಿಲು ಹಾಕಿಕೊಂಡಿತ್ತು. ಸೋಪಿನ ಡಬ್ಬಿಗಿಂತ ತುಸು ದೊಡ್ಡದಾದ ಬೂದುಬಣ್ಣದ ಯಂತ್ರ. ಪಾಚಿ ಹಸಿರಿನ ಸಣ್ಣ ಪರದೆ. ಹಿಂಬದಿಯಲ್ಲಿ ಬೆರಳು ಕೂರುವ ಕಡೆ ಎರಡು ತಾಮ್ರದ ಪಟ್ಟಿ. ಆ ಪಟ್ಟಿಗಳು ಆಡುವವನ ನಾಡಿಬಡಿತ ಹಿಡಿಯುತ್ತವೆ ಎಂಬುದು ಇಂಥ ಹಳೆಯ ಯಂತ್ರಗಳನ್ನು ಕೂಡಿಹಾಕುವವರಿಗೆ ಗೊತ್ತಿತ್ತು. ಹಿಡಿದು ಏನು ಮಾಡುತ್ತವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಅಶ್ಫಾಕ್ ಮುಲ್ಲಾ ಅಂಥ ಒಂದು ಯಂತ್ರವನ್ನು ಒಸಾಕಾದ ಹಳೇ ಸಾಮಾನಿನ ಸಂತೆಯಿಂದ ತರಿಸಿಕೊಂಡಿದ್ದ. ಅದರೊಳಗಿದ್ದ ಆಟದ ಹೆಸರು ಕೋಟೆ ಕಾವಲು. ಆಟದ ಮಾತುಗಳನ್ನೆಲ್ಲ ಯಂತ್ರದ ಚಿಪ್‌ನಿಂದ ಹೊರತೆಗೆದು ಅವನು ಒಯ್ದು ಕೊಟ್ಟದ್ದು ಉಜ್ವಲಾ ಕುಲಗೋಡಳ ಕೈಗೆ. ಉಜ್ವಲಾ ಧಾರವಾಡದ ಹೊರಗಿದ್ದ ಜಪಾನಿ ಕಾರ್ಖಾನೆಯೊಂದರಲ್ಲಿ ದುಭಾಷಿ. ಹಗಲೆಲ್ಲ ಯಂತ್ರದ ಕೈಪಿಡಿಗಳನ್ನೂ ಮೇಲಧಿಕಾರಿಗಳ ಬೈಗುಳಗಳನ್ನೂ ಕನ್ನಡಕ್ಕೆ ತರುವುದು ಅವಳ ಹೊಟ್ಟೆಪಾಡು. ರಜೆಯ ದಿನ ಅವಳು ಯಾರೂ ಕೇಳಿರದ ಹಳೆಯ ಆಟಗಳನ್ನು ಪುಕ್ಕಟೆಯಾಗಿ ಕನ್ನಡಕ್ಕೆ ತರುತ್ತಿದ್ದಳು. ಮೀನು ಹಿಡಿಯುವ ಆಟ ಒಂದು, ತೋಫು ಮಾರುವ ಮುದುಕಿಯ ಆಟ ಇನ್ನೊಂದು ಅವಳಿಂದ ಆಗಲೇ ಹೊರಬಂದಿದ್ದವು. ಆಡಿದವರು ಕೆಲವೇ ಮಂದಿ, ಆದರೆ ಆಡಿದವರು ಅವಳನ್ನು ಮರೆತಿರಲಿಲ್ಲ.

ಕೆಲಸ ಸಲೀಸಾಗಿರಲಿಲ್ಲ. ಜಪಾನಿ ಅಕ್ಷರಕ್ಕೆಂದು ಕೊರೆದ ಚೌಕದಲ್ಲಿ ಕನ್ನಡದ ಒತ್ತಕ್ಷರ ಹಿಡಿಸುತ್ತಿರಲಿಲ್ಲ. ಕೆಳಗೆ ಒತ್ತು ಬಂದರೆ ಮುಂದಿನ ಸಾಲಿನ ತಲೆಗೆ ಬಡಿಯುತ್ತಿತ್ತು. ಅಶ್ಫಾಕ್ ಸಾಲುಗಳನ್ನು ದೂರ ಸರಿಸಿ, ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ತಾನೇ ಬಿಡಿಸಿದ. ಉಜ್ವಲಾ ಮಾತು ಹುಡುಕಿದಳು. ಆಟದಲ್ಲಿ ಆಡುವವನು ಮುತ್ತಿಗೆ ಬಿದ್ದ ಕೋಟೆಯ ಕಾವಲುಗಾರ. ಒಂದರ ಹಿಂದೆ ಒಂದರಂತೆ ಬಾಗಿಲು ಕಾಯಬೇಕು. ಬಂದವರನ್ನು ಒಳಗೆ ಬಿಡಬೇಕು, ಇಲ್ಲವೆ ಕಡಿಯಬೇಕು. ನಡುನಡುವೆ ದಳಪತಿ ಕಿವಿಯಲ್ಲಿ ಪಿಸುಗುಡುತ್ತಾನೆ. ಅವನ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು 'ಉಚಿ ನೋ ಮೊನೊ'. ಒಳಗಿನವರು ಎನ್ನಬಹುದು, ನಮ್ಮವರು ಎನ್ನಬಹುದು. ಉಜ್ವಲಾ ಬಹಳ ದಿನ ಚಡಪಡಿಸಿ 'ಮನೆಯವರು' ಎಂದು ಬರೆದಳು. ಒಳಗಿನವರು ಎಂದರೆ ಸಪ್ಪೆ ಎನಿಸಿತ್ತು. 'ಬಾಗಿಲು ತೆಗೆಯುವವರು ಮನೆಯವರೇ. ಕಣ್ಣು ತೆರೆದಿರು.' ಆ ಸಾಲು ಓದಿದ ಅಶ್ಫಾಕನ ಮೈ ಜುಮ್ಮೆಂದಿತ್ತಂತೆ. ಇಷ್ಟು ಚೆನ್ನಾಗಿ ಬಂದ ಆಟವನ್ನು ಸಂಗ್ರಹಕಾರರಿಗಷ್ಟೇ ಬಿಡುವುದು ತಪ್ಪು ಎಂದು ಅವನು ಅದನ್ನು ಮೊಬೈಲಿನಲ್ಲಿ ಆಡುವ ಹಾಗೆ ಮಾಡಿದ. ತಾಮ್ರದ ಪಟ್ಟಿಯ ಕೆಲಸವನ್ನು ಕೈಗಡಿಯಾರಕ್ಕೆ ವಹಿಸಿದ. ಈಗ ನಾಡಿ ಅಳೆಯುವ ಗಡಿಯಾರ ಯಾರ ಕೈಯಲ್ಲಿಲ್ಲ?

ಒಂದೊಂದೇ ಬಾಗಿಲು ಕನ್ನಡದಲ್ಲಿ ಹೊರಬಂದ ಹಾಗೆ ಆಟ ಕಾಡ್ಗಿಚ್ಚಿನಂತೆ ಹಬ್ಬಿತು. ಹಾಸ್ಟೆಲಿನ ಹುಡುಗರು, ಬಸ್ ಕಂಡಕ್ಟರುಗಳು, ನರ್ಸುಗಳು, ಅಂಗಡಿಯಲ್ಲಿ ಗಿರಾಕಿಗೆ ಕಾಯುವವರು, ಎಲ್ಲರ ಕೈಯಲ್ಲೂ ಅದೇ. ನಮ್ಮ ಮಾತಿನಲ್ಲಿ ಇಂಥದ್ದು ಬಂದೇ ಇರಲಿಲ್ಲ ಎಂದು ಜನ ಬರೆದರು. ಉಜ್ವಲಾಗೆ ಹಿಗ್ಗೋ ಹಿಗ್ಗು.

ಅವಳ ಪ್ರತಿ ಅನುವಾದವನ್ನೂ ಮೊದಲು ಆಡುತ್ತಿದ್ದವನು ಗಂಡ ಶ್ರೀಶೈಲ. ಅವನು ದನದ ಡಾಕ್ಟರ್. ಈಯಲಾರದೆ ಒದ್ದಾಡುವ ಎಮ್ಮೆಯ ಹೊಟ್ಟೆಗೆ ಹೆಗಲ ತನಕ ಕೈ ಇಳಿಸಿ, ಅಡ್ಡ ಬಿದ್ದ ಕರುವನ್ನು ತಿರುಗಿಸಿ, ನೋವಾಗದಂತೆ ಹೊರಗೆಳೆಯುವ ಕೈ ಅವನದು. ಮನೆಯಲ್ಲಿ ಅವನ ತಾಯಿ ನೀಲವ್ವ, ಉಜ್ವಲಾ, ಅವನು, ಮೂರೇ ಮಂದಿ. ಅವನು ದನಿ ಏರಿಸಿ ಮಾತಾಡಿದ್ದನ್ನು ಆ ಓಣಿಯವರು ಕೇಳಿರಲಿಲ್ಲ.

ಆಟದ ಮೂರನೆಯ ಬಾಗಿಲು ದಾಟಿದ ಮೇಲೆ ಶ್ರೀಶೈಲ ತನ್ನ ಕುರ್ಚಿಯನ್ನು ಮುಂಬಾಗಿಲಿಗೆ ಮುಖ ಮಾಡಿ ಹಾಕಿಕೊಂಡ. ಹಿತ್ತಿಲ ಬಾಗಿಲಿಗೆ ಹೊಸದಾಗಿ ಕಬ್ಬಿಣದ ಅಗುಳಿ ಹಾಕಿಸಿದ. ತಾಯಿ ಕಾಯಿಪಲ್ಯ ತರಲು ಹೋಗಿ ಬಂದರೆ ಎಲ್ಲಿಗೆ ಹೋಗಿದ್ದೆ, ಯಾರ ಸಂಗಡ ಮಾತಾಡಿದೆ ಎಂದು ಕೇಳತೊಡಗಿದ. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿಯಾಗಿದೆ, ಅದಕ್ಕೇ ಸಿಡುಕು ಎಂದು ಹೆಂಗಸರಿಬ್ಬರೂ ಮಾತಾಡಿಕೊಂಡರು.

ಒಂದು ಮಧ್ಯಾಹ್ನ ಸೆಕೆ ತಾಳಲಾರದೆ ಉಜ್ವಲಾ ಹಿತ್ತಿಲ ಬಾಗಿಲಿನ ಅಗುಳಿ ಕಳಚಿ ಪಕ್ಕಕ್ಕಿಟ್ಟು, ಕದ ತೆರೆದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗುವಷ್ಟರಲ್ಲಿ ಅಗುಳಿ ಶ್ರೀಶೈಲನ ಕೈಯಲ್ಲಿತ್ತು. ತಲೆಗೆ ಬೀಳಬೇಕಾದ ಏಟನ್ನು ಅವಳು ಅಡ್ಡ ಹಿಡಿದ ಮೊಣಕೈ ತಡೆಯಿತು. ಎಲುಬು ಒಡೆದ ಸದ್ದು ಅಡುಗೆಮನೆಯಲ್ಲಿದ್ದ ನೀಲವ್ವನಿಗೂ ಕೇಳಿಸಿತು. ಅವನು ಮತ್ತೊಮ್ಮೆ ಎತ್ತಿ ಹೊಡೆದ. ಅದು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ತಾಯಿ ಓಡಿಬಂದು ಕದ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಕದ ಮುಚ್ಚಿದ್ದೇ ತಡ, ಅವನ ತೋಳು ಇಳಿಯಿತು. ತಾನು ಏನು ಮಾಡಿದೆನೆಂದು ಕಂಡಿತು. ಅವನು ಅಳುತ್ತಲೇ ಕಾರಿನಿಂದ ಚೀಲ ತಂದು, ಮುರಿದ ಕೈಯನ್ನು ಹಗುರಾಗಿ ನೆಟ್ಟಗೆ ಹಿಡಿದು, ಪಟ್ಟಿ ಕಟ್ಟಿದ. ದೊಡ್ಡಾಸ್ಪತ್ರೆಯಲ್ಲಿ ಮೂವರೂ ಒಂದೇ ಮಾತು ಹೇಳಿದರು: ಮೆಟ್ಟಿಲ ಮೇಲೆ ಜಾರಿ ಬಿದ್ದದ್ದು.

ಆ ವಾರವೇ ಟೀವಿಯಲ್ಲಿ ರಾಣೆಬೆನ್ನೂರಿನ ಸುದ್ದಿ ಬಂತು. ಲಾರಿ ಡ್ರೈವರನೊಬ್ಬ ಹೆಂಡತಿಯನ್ನೂ ಅವಳ ತಮ್ಮನನ್ನೂ ಜಾಕಿನ ಸಲಾಕೆಯಿಂದ ಜಜ್ಜಿ ಕೊಂದಿದ್ದ. ಪೊಲೀಸರು ಜೀಪಿಗೆ ಹತ್ತಿಸುವಾಗ ಯಾರೋ ಮೈಕು ಹಿಡಿದರು. ಅಂಗಿಯ ಮುಂಭಾಗವೆಲ್ಲ ಕಪ್ಪಾಗಿ ಒಣಗಿತ್ತು. ಅವನ ಮುಖ ಶಾಂತವಾಗಿತ್ತು. ಮಾತು ಅವನ ಊರಿನದಾಗಿರಲಿಲ್ಲ, ಪುಸ್ತಕದ ಕನ್ನಡ. "ಬಾಗಿಲು ತೆಗೆಯುವವರು ಮನೆಯವರೇ," ಅಂದ. "ಕಣ್ಣು ತೆರೆದಿರು."

ಕೈಯಲ್ಲಿದ್ದ ಚಹಾದ ಕಪ್ಪು ಉಜ್ವಲಾಳ ತೊಡೆಯ ಮೇಲೆ ಚೆಲ್ಲಿತು. ಬಿಸಿ ತಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವಳು ಹಿಂದಿನ ಸುದ್ದಿಗಳನ್ನೆಲ್ಲ ಕೆದಕಿದಳು. ಗದಗಿನಲ್ಲಿ ತಂದೆಯನ್ನು ಕೊಂದ ನರ್ಸು, ಹಾಸನದಲ್ಲಿ ಅಣ್ಣನ ಕುತ್ತಿಗೆ ಕೊಯ್ದ ಕಾಲೇಜು ಹುಡುಗ, ತುಮಕೂರಿನಲ್ಲಿ ಬಾಡಿಗೆ ಮನೆಯೊಂದರ ಇಡೀ ಸಂಸಾರ. ಕೊಂದವರೆಲ್ಲ ಕನ್ನಡ ಓದಬಲ್ಲವರು. ಸತ್ತವರೆಲ್ಲ ಅವರ ಮನೆಯವರು. ಎಲ್ಲ ಕಡೆಯೂ ಹೆಣಗಳು ಬಿದ್ದದ್ದು ಬಾಗಿಲ ಬಳಿ.

ಅವಳು ಅಶ್ಫಾಕನನ್ನು ಕರೆದುಕೊಂಡು ನೆಟ್ಟಗೆ ಪೊಲೀಸ್ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೊದಲು ನಕ್ಕರು. ಕೊಲೆಗಾರರ ಮೊಬೈಲುಗಳನ್ನು ತೆಗೆದು ನೋಡಿದ ಮೇಲೆ ನಗು ನಿಂತಿತು. ಆಟವನ್ನು ನಿಷೇಧಿಸಿದರು. ಆಡಿದವರ ಮನೆಗೆ ಹೋಗಿ ಫೋನು, ಗಡಿಯಾರ ಕಿತ್ತುಕೊಂಡರು. ಅದರಿಂದ ಕೇಡೇ ಹೆಚ್ಚಾಯಿತು. ಕಾವಲು ಅರ್ಧಕ್ಕೆ ನಿಂತವನ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಫೋನು ಕೊಟ್ಟು ಒಳಗೆ ಬಂದ ಹೆಂಗಸೊಬ್ಬಳು ಅತ್ತೆಯನ್ನೂ ನಾದಿನಿಯನ್ನೂ ಈಳಿಗೆಯಿಂದ ಕಡಿದಳು. ಪೊಲೀಸರು ಇನ್ನೂ ಅಂಗಳದಲ್ಲೇ ಇದ್ದರು. ಕಿತ್ತುಕೊಳ್ಳುವುದನ್ನು ಅಲ್ಲಿಗೇ ಕೈಬಿಟ್ಟರು. ಆಟ ಯಾರ ಯಾರ ಕೈಯಲ್ಲಿದೆ ಎಂದು ಹೇಳಬಲ್ಲವರೂ ಇರಲಿಲ್ಲ.

ಆಟವನ್ನು ಕನ್ನಡಕ್ಕೆ ತಂದವಳು ಯಾರೆಂಬ ಸುದ್ದಿ ಹೊರಬಿದ್ದ ಮರುದಿನ, ಒಬ್ಬಾತ ಉಜ್ವಲಾಳನ್ನು, ಪೊಲೀಸರು ಆಟವನ್ನು ಪರೀಕ್ಷೆಗೆ ಒಪ್ಪಿಸಿದ್ದ ಪ್ರಯೋಗಾಲಯದ ಗೇಟಿನಲ್ಲಿ ಹೆಸರು ಹಿಡಿದು ಕರೆದು, ತಲೆಯಿಂದ ಹೆಲ್ಮೆಟ್ ತೆಗೆದು, ಅದರಿಂದಲೇ ಅವಳ ಮುಖಕ್ಕೆ ಹೊಡೆದ. ತುಮಕೂರಿನಲ್ಲಿ ಸತ್ತವರಲ್ಲಿ ಅವನ ತಂಗಿ ಇದ್ದಳು. ಎರಡು ಹಲ್ಲು ಹೋದವು. ಅವನನ್ನು ಬಿಟ್ಟುಬಿಡಿ ಎಂದು ಉಜ್ವಲಾ ಪೊಲೀಸರಿಗೆ ಹೇಳಿ, ಬಾಯಿ ತೊಳೆದುಕೊಂಡು ಒಳಗೆ ಹೋದಳು.

ಆ ಪ್ರಯೋಗಾಲಯ ನಡೆಸುತ್ತಿದ್ದವರು ಡಾ. ಎಸ್ತರ್ ಸೋನ್ಸ್, ಹೃದಯಕ್ಕೂ ಮಿದುಳಿಗೂ ಇರುವ ನಂಟನ್ನು ಓದಿಕೊಂಡವರು. ಆಡುವವರ ಎದೆಗೂ ತಲೆಗೂ ತಂತಿ ಹಚ್ಚಿ ನೋಡಿದ ಅವರಿಗೆ ಆಟದ ಗುಟ್ಟು ಬೇಗನೆ ಸಿಕ್ಕಿತು. ಪರದೆಯ ಮೇಲೆ ಒಂದು ವಾಕ್ಯ ಬಂದಾಗ ಅದರ ಎಲ್ಲ ಪದಗಳೂ ಒಂದೇ ಹೊಳಪಿನಲ್ಲಿ ಇರುತ್ತಿರಲಿಲ್ಲ. ಹೃದಯ ಬಡಿದ ಗಳಿಗೆಗೆ ಸರಿಯಾಗಿ ಒಂದು ಪದ ಚಣ ಮಾತ್ರ ಮಿನುಗುತ್ತಿತ್ತು, ಕಣ್ಣಿಗೆ ಗೊತ್ತಾಗದಷ್ಟು.

"ಹೃದಯ ಹಿಂಡಿದ ಆ ಗಳಿಗೆಯಲ್ಲಿ ಮಿದುಳು ಪ್ರಶ್ನೆ ಕೇಳುವುದಿಲ್ಲ," ಎಂದರು ಎಸ್ತರ್. "ಆಗ ಬಂದ ಹೆದರಿಕೆ ನೇರ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಅದನ್ನು ತನ್ನದೇ ಅನುಭವ ಎಂದು ನಂಬುತ್ತದೆ."

ಕನ್ನಡ ಓದಲು ಬಾರದ ತೆಲುಗು ವಿದ್ಯಾರ್ಥಿಯೊಬ್ಬ ವಾರವಿಡೀ ಆಡಿದರೂ ಅವನಿಗೆ ಏನೂ ಆಗಿರಲಿಲ್ಲ. ಅವನಿಗೆ ಅದು ಬರೀ ಕತ್ತಿಯ ಆಟ. ಇಷ್ಟು ವರ್ಷ ಜಪಾನಿ ಬಾರದ ಸಂಗ್ರಹಕಾರರು ಈ ಆಟ ಆಡಿಯೂ ತಣ್ಣಗಿದ್ದದ್ದು ಅದಕ್ಕೇ. ಭಾಷೆ ತಿಳಿಯದವರ ಕೈಯಲ್ಲಿ ಅದು ಸತ್ತ ಯಂತ್ರ. ಉಜ್ವಲಾ, ಅಶ್ಫಾಕ್ ಇಬ್ಬರೂ ಅದರ ಮಾತುಗಳನ್ನು ಕಂಪ್ಯೂಟರಿನಲ್ಲಿ ಓದಿದ್ದರಷ್ಟೇ, ನಾಡಿ ಕೊಟ್ಟು ಆಡಿರಲಿಲ್ಲ. ಅದಕ್ಕೆ ಉಸಿರು ಊದಿದವಳು ತಾನು ಎಂದು ಉಜ್ವಲಾಗೆ ಅರ್ಥವಾಯಿತು. ಕೆಟ್ಟ ಅನುವಾದವಾಗಿದ್ದರೆ ಯಾರೂ ಸಾಯುತ್ತಿರಲಿಲ್ಲ. ಒಳಗಿನವರು ಎಂದೇ ಬರೆದಿದ್ದರೂ ಜನ ಮನೆಯ ಕಡೆ ತಿರುಗುತ್ತಿರಲಿಲ್ಲವೇನೋ.

ಒಂದು ದಾರಿ ಉಳಿದಿತ್ತು. ಕೊನೆಯ ಬಾಗಿಲು ಇನ್ನೂ ಕನ್ನಡಕ್ಕೆ ಬಂದಿರಲಿಲ್ಲ. ಅಷ್ಟೂ ಮಂದಿ ಕಾವಲುಗಾರರು ಅದಕ್ಕಾಗಿ ಬಾಯಿಬಿಟ್ಟು ಕಾಯುತ್ತಿದ್ದರು. ನಿಷೇಧವಿದ್ದರೂ ಹುಡುಕಿ ಹಾಕಿಕೊಳ್ಳುತ್ತಿದ್ದರು. ಮೂಲದಲ್ಲಿ ದಳಪತಿ ಕೊನೆಗೆ ಹೇಳುವುದು ಇಷ್ಟು: ಒಳಗಿರುವವರೆಲ್ಲರೂ ಶತ್ರುಗಳು, ನೀನೊಬ್ಬನೇ ಕೋಟೆ. ಅದರ ಬದಲು ಹೊಸ ಮಾತು ಬರೆದು, ಅದೇ ಬಡಿತದ ಮೇಲೆ ಒಳಗೆ ಕಳಿಸಿದರೆ ಕಾವಲು ಇಳಿಯಬಹುದು ಎಂದರು ಎಸ್ತರ್. ಯಾರ ಮೇಲೆ ಪರೀಕ್ಷೆ ಮಾಡುವುದು ಎಂಬ ಮಾತು ಬಂದಾಗ, ಶ್ರೀಶೈಲನೇ ಮುಂದೆ ಬಂದ. ಕದ ಮುಚ್ಚಿರುವಾಗ ಅವನು ಮೊದಲಿನ ಶ್ರೀಶೈಲನೇ. ಅಗುಳಿಯಿಂದ ಹಿಡಿದು ಮನೆಯಲ್ಲಿದ್ದ ಭಾರದ ಸಾಮಾನನ್ನೆಲ್ಲ ಅವನೇ ಪಕ್ಕದವರ ಮನೆಗೆ ಸಾಗಿಸಿದ್ದ.

"ನನ್ನ ಮಂಚಕ್ಕ ಕಟ್ಟ್ರಿ," ಎಂದು ಎಸ್ತರ್‌ಗೆ ಹೇಳಿದ. "ಗೂಳಿಗೆ ಕಟ್ಟೋ ಪಟ್ಟಿ ತಂದೀನಿ. ಬ್ಯಾರೇದು ನನ್ನ ತಡಿಯೂದಿಲ್ಲ."

ಉಜ್ವಲಾ ಮೊದಲ ಕರಡು ಬರೆದಳು. ಒಳ್ಳೆಯ ಮಾತುಗಳು. ಮನೆಯವರು ವೈರಿಗಳು ಅಲ್ಲ. ಅವರನ್ನು ಹೊಡೆಯುವುದು ಬೇಡ. ಕೊಲ್ಲುವುದು ಬೇಡ. ಕೋಣೆಯ ಕದ ಹಾಕಿ, ಶ್ರೀಶೈಲನನ್ನು ಮಲಗಿಸಿ ಕಟ್ಟಿ, ಕೈಗೆ ಯಂತ್ರ ಕೊಟ್ಟರು. ಬೆಳಗಿನ ಬಿಸಿಲು ಕಿಟಕಿಯಿಂದ ಅವನ ಕಾಲ ಮೇಲೆ ಬಿದ್ದಿತ್ತು. ಅವನು ಓದುತ್ತಾ ಹೋದ. ಮಾನಿಟರಿನಲ್ಲಿ ಬಡಿತ ಏರುತ್ತಾ ಹೋಯಿತು. ಇಳಿಯಬೇಕಾದ್ದು ಏರುತ್ತಿದೆಯಲ್ಲ ಎಂದು ಎಸ್ತರ್ ಬಾಗಿ ನೋಡಿದರು. ಉಜ್ವಲಾಗೆ ಆ ಗಳಿಗೆಯಲ್ಲಿ ಹೊಳೆಯಿತು. ಅವಳು ಯಂತ್ರ ಕಿತ್ತುಕೊಳ್ಳಿ ಎಂದು ಕೂಗಿದಳು.

ಅಲ್ಲ, ಬೇಡ, ಇಲ್ಲ, ಎಲ್ಲವೂ ಕನ್ನಡದಲ್ಲಿ ವಾಕ್ಯದ ಬಾಲಕ್ಕೆ ಬರುತ್ತವೆ. ಬಡಿತದ ಮೇಲೆ ಮಿನುಗಿದ್ದು ವೈರಿಗಳು, ಹೊಡೆಯುವುದು, ಕೊಲ್ಲುವುದು. ಅಲ್ಲ ಮತ್ತು ಬೇಡ ಎರಡು ಬಡಿತಗಳ ನಡುವೆ ಬಿದ್ದು ಹೋಗಿದ್ದವು.

ಎಡಗೈಯ ಪಟ್ಟಿ ಮೊದಲು ಹರಿಯಿತು, ಬಳಿಕ ಮಂಚದ ಸರಳೇ ಕಿತ್ತುಬಂತು. ಶ್ರೀಶೈಲ ತಲೆಯಿಂದ ಗುದ್ದಿದ ಏಟಿಗೆ ಎಸ್ತರ್ ಮೂಗು ಒಡೆದು ಗೋಡೆಗೆ ಬಿದ್ದರು. ಅಡ್ಡ ಬಂದ ಅಶ್ಫಾಕನ ಮುಖಕ್ಕೆ ಸರಳು ಹೋಯಿತು. ಅವನು ಕಣ್ಣು ಮುಚ್ಚಿಕೊಂಡು ಕುಸಿದಾಗ ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಉಜ್ವಲಾ ಗಂಡನ ಕಾಲು ತಬ್ಬಿ ಹಿಡಿದಳು. ಅವನು ಅವಳ ಮುರಿದ ಕೈಯನ್ನೇ ಹುಡುಕಿ ತುಳಿದ. ಅವಳಿಗೆ ಕಣ್ಣು ಕತ್ತಲೆ ಬಂತು. ಮತ್ತೆ ಎಚ್ಚರಾದಾಗ ಕಿಟಕಿಯ ಬಿಸಿಲು ದೂರ ಸರಿದಿತ್ತು, ಬಾಗಿಲು ತೆರೆದಿತ್ತು, ಕಾರಿಡಾರಿನಲ್ಲಿ ಕಾವಲಿನವನೊಬ್ಬ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದ.

ಅವಳು ನೆಲದ ಮೇಲೆ ತೆವಳಿ ಚೀಲ ತಲುಪಿ ಅತ್ತೆಗೆ ಫೋನು ಹಚ್ಚಿದಳು. ಅದು ಹತ್ತುವುದಕ್ಕೇ ಬಹಳ ಹೊತ್ತು ಹಿಡಿಯಿತು. ಬಾಗಿಲು ತೆಗೆಯಬೇಡಿ, ಅವರು ಬಂದರೂ ತೆಗೆಯಬೇಡಿ, ಪೊಲೀಸರು ಬರುತ್ತಾರೆ ಎಂದು ಹೇಳಿದಳು.

ನೀಲವ್ವನ ದನಿ ಮೆಲ್ಲಗಿತ್ತು. "ಹೊರಗ ನಿಂತಾನವಾ. ಕಿಡಕ್ಯಾಗಿಂದ ನೋಡಿದೆ. ಕೈ ಎಲ್ಲಾ ರಕ್ತ ಸೋರಾಕತ್ತೇತಿ."

"ಅತ್ತೀ, ತಗಿಬ್ಯಾಡ್ರಿ."

"ಅವ್ವಾ ಅಂತ ಕರಿಯಾಕತ್ತಾನ. ಹಡದಾಕಿ ಕೇಳಿಸ್ಲಿಲ್ಲ ಅನ್ನಲೇನು?"

ಫೋನನ್ನು ಎಲ್ಲೋ ಇಟ್ಟ ಸಪ್ಪಳವಾಯಿತು. ಚಿಲಕ ಸರಿದದ್ದು ಕೇಳಿತು. ಅದಾದ ಮೇಲೆ ಕೇಳಿದ್ದನ್ನು ಉಜ್ವಲಾ ಪೊಲೀಸರಿಗೊಮ್ಮೆ ಹೇಳಿದಳು, ಮತ್ತೆ ಎಂದೂ ಯಾರಿಗೂ ಹೇಳಲಿಲ್ಲ.

ಪೊಲೀಸರು ಹೋದಾಗ ಶ್ರೀಶೈಲ ಮುಂಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನೆಟ್ಟಗೆ ನಿಂತಿದ್ದ. ಮನೆಯಲ್ಲಿ ಎತ್ತಿ ಹೊಡೆಯಲು ಏನೂ ಇರಲಿಲ್ಲ, ಆದ್ದರಿಂದ ಬರಿಗೈಯಲ್ಲೇ ಮುಗಿಸಿದ್ದ. ತಾಯಿಯ ತಲೆಯನ್ನು ಹೊಸ್ತಿಲ ಕಲ್ಲಿಗೆ ಬಡಿದಿದ್ದ, ಮತ್ತೆ ಮತ್ತೆ. ಅವಳ ಸೆರಗು ಕದದ ಅಡಿ ಸಿಕ್ಕಿಕೊಂಡಿತ್ತು. ಅವನು ಓಣಿಯ ಜನರಿಗೆ, ಗಾಬರಿಯಾಗಬೇಡಿ, ಬಾಗಿಲು ಭದ್ರವಾಗಿದೆ ಎಂದು ಹೇಳುತ್ತಿದ್ದ. ಅವನನ್ನು ನೆಲಕ್ಕೆ ಕೆಡವಲು ಲಾಠಿ ಮುರಿಯುವ ಹಾಗೆ ಹೊಡೆಯಬೇಕಾಯಿತು.

ಮಗ ಠಾಣೆಯ ಸೆಲ್ಲಿನಲ್ಲಿರುವಾಗ ತಾಯಿಯ ಮಣ್ಣಾಯಿತು. ಮಣ್ಣು ಮುಗಿಸಿ ಬಂದ ಉಜ್ವಲಾ ಕಾಲು ತೊಳೆಯದೆ ಪ್ರಯೋಗಾಲಯಕ್ಕೆ ಹೋದಳು. ಅಶ್ಫಾಕ್ ಒಂದು ಕಣ್ಣಿಗೆ ಬ್ಯಾಂಡೇಜು ಕಟ್ಟಿಕೊಂಡು ಆಗಲೇ ಕೂತಿದ್ದ. ಆ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಅವಳಿಗೆ ಹೇಳಲಿಲ್ಲ. ಅವಳು ಮೂಲ ಆಟದ ಮಾತುಗಳನ್ನು ಮೊದಲಿಂದ ತಿರುವಿಹಾಕಿದಳು. ಈ ಸಲ ಕಂಡಿತು. ಜಪಾನಿಯಲ್ಲೂ ಬೇಡ ಎಂಬುದು ಕೊನೆಗೇ ಬರುವುದು. ಆಟ ಬರೆದವರು ಅದನ್ನು ಬಲ್ಲವರಾಗಿದ್ದರು. ಅಷ್ಟು ದೊಡ್ಡ ಆಟದಲ್ಲಿ ದಳಪತಿಯ ಬಾಯಲ್ಲಿ ಒಂದೇ ಒಂದು ಬೇಡ ಇರಲಿಲ್ಲ. ಅಂದರೆ ಇದು ಆಟದ ಸಲುವಾಗಿ ಮಾಡಿದ ಆಟವಲ್ಲ. ಯಾರೋ ಯಾರ ಮೇಲೋ ಪ್ರಯೋಗ ಮಾಡಿ, ಹೆದರಿ, ಮುಚ್ಚಿಟ್ಟದ್ದು.

ಅವಳು ಬರೆಯತೊಡಗಿದಳು. ಪ್ರತಿ ಪದವೂ ಒಂಟಿಯಾಗಿ ನಿಂತಾಗಲೂ ಒಳ್ಳೆಯದಾಗಿರಬೇಕು. ಕತ್ತಿ ಕೆಳಗಿಡು ಎನ್ನುವ ಹಾಗಿಲ್ಲ, ಕತ್ತಿ ಒಂದೇ ಉಳಿದೀತು. ಹೆದರಬೇಡ ಎನ್ನುವ ಹಾಗಿಲ್ಲ. ಸಿಟ್ಟು, ಶತ್ರು, ರಕ್ತ, ಯಾವುದನ್ನೂ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಸಾಹಿತ್ಯದ ಮಾತುಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಕೊನೆಗೆ ಉಳಿದದ್ದು ಮಕ್ಕಳಿಗೆ ಹೇಳುವಂಥ ಮಾತು. ಬೆಳಗಾಯಿತು. ಪಾಳಿ ಮುಗಿಯಿತು. ಕೂತುಕೋ. ನೀರು ಕುಡಿ. ಮನೆಯವರು ಬಂದರು. ಬುತ್ತಿ ತಂದರು. ಉಣ್ಣು. ಒರಗು. ಕಣ್ಣು ಮುಚ್ಚು. ಅಶ್ಫಾಕ್ ಒಂಟಿ ಕಣ್ಣಲ್ಲಿ ಪರದೆ ನೋಡುತ್ತಾ, ಯಾವ ಪದ ಯಾವ ಬಡಿತದ ಮೇಲೆ ಬೀಳಬೇಕೆಂದು ಜೋಡಿಸಿದ. ಬುತ್ತಿ ಎಂಬ ಪದ ಎಲ್ಲ ಊರಿನವರಿಗೂ ತಿಳಿದೀತೇ ಎಂದು ಅವನೊಮ್ಮೆ ಕೇಳಿದ. ತಿಳಿಯುತ್ತದೆ ಎಂದು ಅವಳು ಅಂದಳು.

ಶ್ರೀಶೈಲನ ಸೆಲ್ಲಿಗೆ ಹೋಗಿ ಯಂತ್ರ ಕೊಡಲು ಪೊಲೀಸರು ಯಾರೂ ಒಪ್ಪಲಿಲ್ಲ. ಎಸ್ತರ್, ಮೂಗಿಗೆ ಪಟ್ಟಿ ಹಾಕಿಕೊಂಡೇ, ತಾನು ಹೋಗುತ್ತೇನೆ ಎಂದರು. ಉಜ್ವಲಾ ಅವರನ್ನು ಹಿಂದಕ್ಕೆ ಸರಿಸಿ ತಾನೇ ಒಳಗೆ ಹೋದಳು. ಹೊರಗಿನಿಂದ ಬೀಗ ಹಾಕಿಸಿದಳು. ಅವನ ಕೈಗಳಿಗೆ ಬೇಡಿಯಿತ್ತು, ಆದರೆ ಬೆರಳುಗಳು ಯಂತ್ರ ಹಿಡಿಯುವಷ್ಟು ಸಡಿಲವಾಗಿದ್ದವು. ಅವನು ಅವಳನ್ನು ನೋಡಿ ಹಲ್ಲು ಕಡಿದು ನುಗ್ಗಿದ. ಬೇಡಿಯನ್ನು ಗೋಡೆಗೆ ಕಟ್ಟಿದ್ದ ಸರಪಳಿ ಬಿಗಿಯಾಗಿ ಅವನ ಮುಖ ಅವಳ ಮುಖದಿಂದ ಗೇಣು ದೂರದಲ್ಲಿ ನಿಂತಿತು. ಕೊನೆಯ ಬಾಗಿಲು ಎಂದಷ್ಟೇ ಅವಳು ಹೇಳಿ, ಯಂತ್ರವನ್ನು ಅವನ ಅಂಗೈಗೆ ಒತ್ತಿದಳು. ಕಣ್ಣು ಪರದೆಗೆ ಇಳಿಯಿತು.

ಬಹಳ ಹೊತ್ತು ಅವನ ತುಟಿ ಮಾತ್ರ ಅಲುಗುತ್ತಿತ್ತು. ಹೆಗಲು ಇಳಿಯಿತು. ಅವನು ನೆಲಕ್ಕೆ ಕೂತ. ಅಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದ. ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸಂಜೆಯ ತನಕ ಮಲಗಿ ಎದ್ದವನ ಮೊದಲ ಮಾತು ಅವ್ವ ಎಲ್ಲಿ ಎಂಬುದು. ಕೇಳಿ ಮುಗಿಸುವ ಮೊದಲೇ ಅವನಿಗೆ ನೆನಪಾಯಿತು. ಆಗ ಅವನು ಕೂಗಿದ ಕೂಗಿಗೆ ಠಾಣೆಯ ಹೊರಗಿದ್ದ ಜನ ದಿಕ್ಕಾಪಾಲಾಗಿ ಓಡಿದರು. ಹೊಸ ಕೊಲೆಯಾಯಿತು ಎಂದುಕೊಂಡಿದ್ದರು.

ಅದೇ ಸಂಜೆ ಕೊನೆಯ ಬಾಗಿಲನ್ನು ಹೊರಗೆ ಬಿಟ್ಟರು. ಕಾವಲುಗಾರರು ಅದನ್ನು ತಾವಾಗಿಯೇ ಹುಡುಕಿ ಹಾಕಿಕೊಂಡರು. ಮುಂದಿನ ದಿನಗಳಲ್ಲಿ ಕೊಲೆಗಳು ಕಡಿಮೆಯಾದವು, ಆಮೇಲೆ ನಿಂತವು. ಎಲ್ಲರಿಗೂ ತಲುಪಲಿಲ್ಲ. ಬಳ್ಳಾರಿಯಲ್ಲಿ ಒಬ್ಬ ಕೊನೆಯ ಬಾಗಿಲು ತೆರೆಯುವ ಮೊದಲೇ ತನ್ನ ಮಕ್ಕಳನ್ನು ಬಾವಿಗೆ ತಳ್ಳಿದ್ದ. ತೆರೆದು ಮುಗಿಸಿದ ಮೇಲೆ ತಾನೂ ಹಾರಿದ. ಎಚ್ಚರಾದವರಲ್ಲಿ ಹಲವರು ಹಾಗೇ ಮಾಡಿಕೊಂಡರು. ಕಾವಲು ಇಳಿಸಿದ ಮಾತುಗಳಲ್ಲಿ ಎಚ್ಚರಾದ ಮೇಲೆ ಹೇಗೆ ಬದುಕಬೇಕೆಂಬುದು ಇರಲಿಲ್ಲ.

ಉಜ್ವಲಾ ಮತ್ತು ಅಶ್ಫಾಕರ ಮೇಲೂ ಮೊಕದ್ದಮೆ ಹೂಡಿ ಜಾಮೀನಿನ ಮೇಲೆ ಬಿಟ್ಟರು. ಆಡಿ ಕೊಂದವರನ್ನು ಏನು ಮಾಡಬೇಕೆಂಬುದು ಕೋರ್ಟುಗಳಿಗೆ ತಿಳಿಯದೆ ವಾಯಿದೆಯ ಮೇಲೆ ವಾಯಿದೆ ಬಿದ್ದವು. ಶ್ರೀಶೈಲ ಜೈಲಿನಲ್ಲೇ ಉಳಿದ. ವಕೀಲರು ಎಷ್ಟು ಹೇಳಿದರೂ ಜಾಮೀನಿಗೆ ಸಹಿ ಹಾಕಲಿಲ್ಲ. ಮೊದಮೊದಲು ಹೆಂಡತಿಯನ್ನು ನೋಡಲೂ ಒಪ್ಪಲಿಲ್ಲ. ಒಪ್ಪಿದ ದಿನ ಉಜ್ವಲಾ ಕಾರ್ಖಾನೆಗೆ ರಜೆ ಹಾಕಿ ಹೋದಳು. ಮುರಿದ ಕೈ ಕೂಡಿತ್ತು, ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಜಾಳಿಗೆಯ ಆಚೆ ಅವನು ಬಂದು ಕೂತ. ಕೂದಲು ಉದುರಿ, ಕೈಯ ಮಾಂಸವೆಲ್ಲ ಇಳಿದುಹೋಗಿತ್ತು.

ಅವನು ಅವಳ ಕೈ, ಹಲ್ಲು, ಅಶ್ಫಾಕನ ಕಣ್ಣು, ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿದ. ಮತ್ತೆ ದನಿ ತಗ್ಗಿಸಿ, ತಾನು ಬಹಳ ಯೋಚನೆ ಮಾಡಿ ಇಟ್ಟುಕೊಂಡಿದ್ದನ್ನು ಕೇಳಿದ.

"ನಿನಗ ಬರಿಯಾಕ ಬರ್ತೈತಿ. ಅವ್ವ ತಾನ ಜಾರಿ ಬಿದ್ದಳು ಅಂತ ಬರಿ. ಮಶೀನಿನಾಗ ಹಾಕಿ ಕೊಡು. ನಾ ಓದ್ತೀನಿ. ಅಷ್ಟ ಸಾಕು ನನಗ."

ಆಗದ ಮಾತೇನಲ್ಲ. ಬರುವ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಅವಳೂ ಅದನ್ನೇ ಯೋಚಿಸಿದ್ದಳು. ಅವ್ವ, ಹೊಸ್ತಿಲು, ಎಡವಿದಳು, ನಾನು ಹಿಡಿದೆ, ನನ್ನ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ಪ್ರತಿ ಪದವೂ ತಲೆಯಲ್ಲಿ ಸಿದ್ಧವಾಗಿತ್ತು, ಯಾವುದು ಯಾವ ಬಡಿತದ ಮೇಲೆ ಎಂಬುದೂ. ಅವನು ನಂಬುತ್ತಿದ್ದ. ನಂಬಿ, ಜಾಮೀನಿಗೆ ಸಹಿ ಹಾಕಿ, ಮನೆಗೆ ಬರುತ್ತಿದ್ದ. ನಡೆದದ್ದು ಅವಳೊಬ್ಬಳಲ್ಲಿ ಉಳಿಯುತ್ತಿತ್ತು.

"ಬರೀಬಹುದು," ಅಂದಳು. "ನಾ ಬರಿಯೂದಿಲ್ರೀ."

"ಯಾಕ?"

"ಅತ್ತಿ ನಿಮ್ಮ ಕೂಗಿಗೆ ಬಾಗಿಲ ತಗದ್ರು. ಅದನ್ನ ಅಳಸಾಕ ನನ್ನ ಕಡಿಂದ ಆಗೂದಿಲ್ಲ."

ಶ್ರೀಶೈಲ ಜಾಳಿಗೆಗೆ ಹಣೆ ಹಚ್ಚಿ ಕೂತ. ಪಕ್ಕದ ಕಿಟಕಿಯಲ್ಲಿ ಯಾರದೋ ಸಂಸಾರ ಜೋರು ಜೋರಾಗಿ ಮಾತಾಡುತ್ತಿತ್ತು. ಎದ್ದು ಹೋಗುತ್ತಾನೇನೋ ಎಂದು ಅವಳು ಕಾದಳು. ಹೋಗಲಿಲ್ಲ. ಅವ್ವನ ಮಣ್ಣು ಎಲ್ಲಿ ಮಾಡಿದಿರಿ, ಯಾರ್ಯಾರು ಬಂದಿದ್ದರು ಎಂದು ಕೇಳಿದ.

ಉಜ್ವಲಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆಗೆ ಯಾವ ಸೀರೆ ಉಡಿಸಿದರು, ತಲೆಗೆ ಬಟ್ಟೆ ಹೇಗೆ ಸುತ್ತಿದರು, ಸಮಾಧಿಯಲ್ಲಿ ಕೂರಿಸುವಾಗ ಮೈ ಬಾಗದೆ ಎಷ್ಟು ಕಷ್ಟವಾಯಿತು, ಮಗ ನಿಲ್ಲಬೇಕಾದ ಜಾಗದಲ್ಲಿ ಯಾರು ನಿಂತರು, ಮೊದಲ ಹಿಡಿ ಮಣ್ಣು ಹಾಕಲು ಎಲ್ಲರೂ ಹಿಂದೆ ಸರಿದಾಗ ತಾನು ಹೇಗೆ ಒಂದೇ ಕೈಯಲ್ಲಿ ಹಾಕಿದೆ ಎಂಬುದನ್ನೆಲ್ಲ ಏನನ್ನೂ ಮುಚ್ಚದೆ ಹೇಳತೊಡಗಿದಳು. ಅವನು ನಡುವೆ ನಡುವೆ ನಿಲ್ಲಿಸಿ, ಅದನ್ನು ಇನ್ನೊಮ್ಮೆ ಹೇಳು ಎನ್ನುತ್ತಿದ್ದ. ಅವಳು ಇನ್ನೊಮ್ಮೆ ಹೇಳುತ್ತಿದ್ದಳು. ಹೊತ್ತಾಯಿತು ಎಂದು ಜೈಲಿನವರು ಬಂದು ಭುಜ ತಟ್ಟುವ ತನಕವೂ ಅವರು ಹಾಗೇ ಕೂತಿದ್ದರು.